ಸಂತೆ ಯಾರದು, ಸುಂಕ ಯಾರಿಗೆ: ಗೇಮ್ ಕನ್ಸೋಲ್‌ಗಳ ಮಾರಾಟದ ಲೆಕ್ಕ

1995ರ ಮೇ 11. ಇ3 ಎಂಬ ವಿಡಿಯೊ ಗೇಮ್ ಮೇಳ ಲಾಸ್ ಏಂಜಲೀಸ್‌ನಲ್ಲಿ ಮೊದಲ ಬಾರಿಗೆ ನಡೆಯುತ್ತಿತ್ತು. ಸೆಗಾ ಕಂಪನಿಯ ಅಮೆರಿಕದ ಮುಖ್ಯಸ್ಥ ಟಾಮ್ ಕಲಿನ್ಸ್ಕಿ ವೇದಿಕೆ ಹತ್ತಿದರು. ಸೆಪ್ಟೆಂಬರ್ 2ಕ್ಕೆ ಬರಬೇಕಿದ್ದ ‘ಸ್ಯಾಟರ್ನ್’ ಕನ್ಸೋಲ್ (ಟಿ.ವಿ.ಗೆ ಜೋಡಿಸಿ ಆಟವಾಡುವ ಪೆಟ್ಟಿಗೆ) ಇವತ್ತೇ ಅಂಗಡಿಗೆ ಬಂದಿದೆ, ಬೆಲೆ 399 ಡಾಲರ್ ಎಂದು ಸಾರಿದರು. ನಾಲ್ಕು ತಿಂಗಳು ಮೊದಲೇ ಹೊಡೆದ ಪೆಟ್ಟು, ಎದುರಾಳಿ ಚೇತರಿಸಿಕೊಳ್ಳಲಾರ ಎಂಬ ಲೆಕ್ಕ ಅವರದು. ಅದೇ ದಿನ, ‘ಪ್ಲೇಸ್ಟೇಷನ್’ ಎಂಬ ಕನ್ಸೋಲ್ ತರಲಿದ್ದ ಎದುರಾಳಿ ಸೋನಿಯ ಸರದಿ ಬಂತು. ಆ ಕಂಪನಿಯ ಗೇಮ್ ವಿಭಾಗವನ್ನು ಅಮೆರಿಕದಲ್ಲಿ ನಡೆಸುತ್ತಿದ್ದ ಸ್ಟೀವ್ ರೇಸ್ ಕಾಗದದ ಕಟ್ಟು ಹಿಡಿದು ಮೈಕಿನ ಮುಂದೆ ನಿಂತರು, ‘299’ ಎಂದರು, ಇಳಿದು ಹೋದರು. ಸಭೆ ಚಪ್ಪಾಳೆಯಿಂದ ತುಂಬಿತು.

ಈ ಕಥೆಯನ್ನು ಗೇಮ್ ಪ್ರಿಯರು ಇಂದಿಗೂ ರಾಮಾಯಣದ ಪ್ರಸಂಗದಂತೆ ಹೇಳಿಕೊಳ್ಳುತ್ತಾರೆ. ಹೇಳುವವರು ಸಾಮಾನ್ಯವಾಗಿ ಒಂದು ಮಾತು ಬಿಡುತ್ತಾರೆ. 399 ಡಾಲರಿನ ಸ್ಯಾಟರ್ನ್ ಜೊತೆಗೆ ‘ವರ್ಚುವಾ ಫೈಟರ್’ ಆಟ ಸೇರಿತ್ತು. 299ರ ಪ್ಲೇಸ್ಟೇಷನ್ ಜೊತೆ ಆಟ ಇರಲಿಲ್ಲ. ಅಂದರೆ ನಿಜವಾದ ಅಂತರ ನೂರು ಡಾಲರಿಗಿಂತ ಕಡಿಮೆ. ಆದರೂ ಆ ಒಂದು ಸಂಖ್ಯೆ ಸೆಗಾವನ್ನು ನಡುಗಿಸಿತು. ಯಾಕೆ ಎಂಬುದು ಅರ್ಥವಾಗಬೇಕಾದರೆ, ಕನ್ಸೋಲ್ ಮಾರುವವನು ನಿಜಕ್ಕೂ ಏನನ್ನು ಮಾರುತ್ತಾನೆ ಎಂದು ಮೊದಲು ನೋಡಬೇಕು.

ವಾರದ ಸಂತೆಯನ್ನು ನೆನಪಿಸಿಕೊಳ್ಳಿ. ಮೈದಾನ ಪಂಚಾಯಿತಿಯದು. ಸುಂಕ ವಸೂಲಿಯ ಹಕ್ಕನ್ನು ಹರಾಜಿನಲ್ಲಿ ಹಿಡಿದವನೊಬ್ಬ ಇರುತ್ತಾನೆ. ಅವನು ಬದನೆಕಾಯಿ ಬೆಳೆಯುವುದಿಲ್ಲ, ಬಟ್ಟೆ ನೇಯುವುದಿಲ್ಲ. ಗೋಣಿ ಹಾಸಿ ಕೂತ ಪ್ರತಿಯೊಬ್ಬನಿಂದಲೂ ಇಷ್ಟಿಷ್ಟು ಎಂದು ಚೀಟಿ ಹರಿದು ಕೊಡುತ್ತಾನೆ, ಅಷ್ಟೇ. ಜನ ಬಂದರೆ ವ್ಯಾಪಾರಿಗಳು ಬರುತ್ತಾರೆ, ವ್ಯಾಪಾರಿಗಳು ಬಂದರೆ ಜನ ಬರುತ್ತಾರೆ. ಮೊದಲು ಯಾರು ಎಂಬುದೇ ಅವನ ತಲೆನೋವು. ಕೆಲವೊಮ್ಮೆ ಜನರನ್ನು ಸೇರಿಸಲು ಅವನು ಕೈಯಿಂದಲೇ ಖರ್ಚು ಮಾಡಬೇಕಾಗುತ್ತದೆ.

ಕನ್ಸೋಲ್ ಎಂದರೆ ಆ ಮೈದಾನ. ಅದರ ಮೇಲೆ ಆಟ ಮಾರುವ ಬೇರೆ ಬೇರೆ ಕಂಪನಿಗಳು ಗೋಣಿ ಹಾಸಿ ಕೂತವರು. ಅವರು ಮಾರುವ ಪ್ರತಿ ಪ್ರತಿಯ ಮೇಲೂ ಮೈದಾನದ ಒಡೆಯನಿಗೆ ಪರವಾನಗಿ ಶುಲ್ಕ ಹೋಗುತ್ತದೆ. ಪೆಟ್ಟಿಗೆಯನ್ನು ಅಸಲಿಗೆ, ಬೇಕಾದರೆ ನಷ್ಟಕ್ಕೆ ಮಾರಿ, ಸುಂಕದಲ್ಲಿ ಗಳಿಸುವುದು ಈ ವ್ಯಾಪಾರದ ರೂಢಿ. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ ಐಸಪ್ಲೈ ಎಂಬ ಸಂಸ್ಥೆ ಅದನ್ನು ಬಿಚ್ಚಿ, ಬಿಡಿಭಾಗಗಳ ಬೆಲೆ ಕೂಡಿಸಿ ನೋಡಿತು. 599 ಡಾಲರಿಗೆ ಮಾರುತ್ತಿದ್ದ ಮಾದರಿಯ ತಯಾರಿಕೆಗೆ 840 ಡಾಲರಿನಷ್ಟು ತಗಲುತ್ತದೆ ಎಂಬ ಅಂದಾಜು ಸಿಕ್ಕಿತು. ಒಂದೊಂದು ಪೆಟ್ಟಿಗೆ ಮಾರಿದಾಗಲೂ ಇನ್ನೂರಕ್ಕೂ ಹೆಚ್ಚು ಡಾಲರ್ ಕೈಬಿಟ್ಟು ಹೋಗುತ್ತಿತ್ತು ಎಂದಾಯಿತು.

ಹೀಗಿರುವಾಗ ‘ಇಷ್ಟು ಲಕ್ಷ ಕನ್ಸೋಲ್ ಮಾರಾಟವಾಯಿತು’ ಎಂಬ ಸುದ್ದಿಯನ್ನು ಬೈಕೋ ಸೋಪೋ ಮಾರಾಟವಾದ ಸುದ್ದಿಯಂತೆ ಓದಬಾರದು. ಆ ಸಂಖ್ಯೆ ಯುದ್ಧದ ಫಲಿತಾಂಶಕ್ಕಿಂತ ಹೆಚ್ಚಾಗಿ ಯುದ್ಧದ ಆಯುಧ. ‘ನಮ್ಮ ಮೈದಾನದಲ್ಲಿ ಇಷ್ಟು ಜನ ಸೇರಿದ್ದಾರೆ, ನೀವು ಇಲ್ಲಿಗೇ ಬನ್ನಿ’ ಎಂದು ಆಟ ತಯಾರಿಸುವವರಿಗೆ ಹೊಡೆಸುವ ಡಂಗುರ ಅದು. 299 ಎಂಬ ಮಾತು ಗಿರಾಕಿಯ ಕಿವಿಗೆ ಎಷ್ಟು ಮುಖ್ಯವಾಗಿತ್ತೋ, ಸಭೆಯಲ್ಲಿ ಕೂತಿದ್ದ ಆಟದ ಕಂಪನಿಗಳ ಕಿವಿಗೆ ಅದಕ್ಕಿಂತ ಮುಖ್ಯವಾಗಿತ್ತು. ಜನ ಯಾವ ಕಡೆ ಸೇರುತ್ತಾರೆ ಎಂದು ಅವರಿಗೆ ಗೊತ್ತಾಗಿಹೋಯಿತು.

ಸೆಗಾ ಮಾಡಿದ್ದು ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಕೆಲಸ. ದಿಢೀರ್ ಬಿಡುಗಡೆಗೆ ಕೈಯಲ್ಲಿದ್ದ ಪೆಟ್ಟಿಗೆಗಳು ಸುಮಾರು 30,000. ಅವನ್ನು ಟಾಯ್ಸ್ ಆರ್ ಅಸ್ ಸೇರಿ ನಾಲ್ಕು ಅಂಗಡಿ ಸಮೂಹಗಳಿಗೆ ಮಾತ್ರ ಕೊಟ್ಟರು. ಪಟ್ಟಿಯಲ್ಲಿ ಇಲ್ಲದ ಅಂಗಡಿಗಳವರು ಕೆರಳಿದರು. ಕೆಬಿ ಟಾಯ್ಸ್ ಎಂಬ ದೊಡ್ಡ ಆಟಿಕೆ ಮಳಿಗೆ ಸೆಗಾದ ಸಾಮಾನನ್ನೇ ಕಪಾಟಿನಿಂದ ಇಳಿಸಿತು. ಇನ್ನೊಂದು ಕಡೆ, ಸೆಪ್ಟೆಂಬರ್ ಎಂದು ನಂಬಿ ಆಟ ತಯಾರಿಸುತ್ತಿದ್ದ ಹೊರಗಿನ ಕಂಪನಿಗಳ ಕೈಯಲ್ಲಿ ಮೇ ತಿಂಗಳಲ್ಲಿ ಸಿದ್ಧ ಆಟಗಳಿರಲಿಲ್ಲ. ಮೈದಾನದ ಬಾಗಿಲು ತೆರೆದಿದೆ, ಒಳಗೆ ಮೈದಾನದ ಒಡೆಯನದೇ ನಾಲ್ಕಾರು ಗೋಣಿ; ಮಿಕ್ಕಂತೆ ಬಟ್ಟ ಬಯಲು.

ಬೆಲೆಯನ್ನಾದರೂ ಇಳಿಸಬಹುದಿತ್ತಲ್ಲ ಎನ್ನಬಹುದು. ಅಲ್ಲಿಯೂ ಕೈ ಕಟ್ಟಿತ್ತು. ಸ್ಯಾಟರ್ನ್ ಒಳಗೆ ಹಿಟಾಚಿಯ ಎರಡು ಪ್ರೊಸೆಸರ್‌ಗಳು, ಚಿತ್ರಕ್ಕೆಂದೇ ಇನ್ನೆರಡು ಚಿಪ್, ಸದ್ದಿಗೆ ಬೇರೆ. ಸೋನಿಯ ಯಂತ್ರದ ಸುದ್ದಿ ಕೇಳಿದ ಮೇಲೆ ಅವಸರದಲ್ಲಿ ಬಲ ತುಂಬಿದ ವಿನ್ಯಾಸ ಅದು. ಸೋನಿಗೆ ತನ್ನದೇ ಚಿಪ್ ಕಾರ್ಖಾನೆಗಳಿದ್ದವು. ವರ್ಷ ಕಳೆದಂತೆ ಎರಡು ಚಿಪ್ಪುಗಳನ್ನು ಒಂದು ಮಾಡಿ ಖರ್ಚು ಇಳಿಸುತ್ತ ಹೋಯಿತು. 1996ರ ಮೇ ತಿಂಗಳಲ್ಲಿ ಪ್ಲೇಸ್ಟೇಷನ್ 199 ಡಾಲರಿಗೆ ಇಳಿಯಿತು, 1997ರ ಮಾರ್ಚ್‌ನಲ್ಲಿ 149ಕ್ಕೆ. ಒಂದೊಂದು ಇಳಿಕೆಗೂ ಸೆಗಾ ಹಿಂಬಾಲಿಸಲೇಬೇಕಾಯಿತು, ಹಿಂಬಾಲಿಸಿದಾಗಲೆಲ್ಲ ರಕ್ತ ಸುರಿಸಿತು. ನಷ್ಟಕ್ಕೆ ಮಾರುವುದು ತಪ್ಪಲ್ಲ. ನಷ್ಟ ತುಂಬಿಕೊಡುವ ಸುಂಕ ಬರದಿದ್ದಾಗ ನಷ್ಟಕ್ಕೆ ಮಾರುವುದು ಮನೆ ಮುಳುಗಿಸುವ ಕೆಲಸ.

ಈ ಸಂತೆಗೆ ಸೋನಿ ಬಂದದ್ದಾದರೂ ಹೇಗೆ? ಅದರ ಬೇರಿನಲ್ಲೂ ಸುಂಕದ ಜಗಳವೇ ಇದೆ. ಸೋನಿಯ ಎಂಜಿನಿಯರ್ ಕೆನ್ ಕುತರಗಿ ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಕನ್ಸೋಲ್‌ಗೆ ಸದ್ದಿನ ಚಿಪ್ ಮಾಡಿಕೊಟ್ಟವರು. ಆ ಸ್ನೇಹದಿಂದ ಎರಡೂ ಕಂಪನಿಗಳು ಸೇರಿ ಸಿ.ಡಿ. ಹಾಕಬಲ್ಲ ಕನ್ಸೋಲ್ ಮಾಡುವ ಒಪ್ಪಂದವಾಯಿತು. 1991ರ ಜೂನ್‌ನಲ್ಲಿ ಷಿಕಾಗೋದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಸೋನಿ ಅದನ್ನು ಹೆಮ್ಮೆಯಿಂದ ಘೋಷಿಸಿತು. ಮರುದಿನವೇ ನಿಂಟೆಂಡೊ, ತಾನು ಸೋನಿಯ ಬದಲು ಫಿಲಿಪ್ಸ್ ಜೊತೆ ಹೋಗುತ್ತಿರುವುದಾಗಿ ಅದೇ ಮೇಳದಲ್ಲಿ ಹೇಳಿತು. ತಾಳಿ ಕಟ್ಟುವ ಹೊತ್ತಿಗೆ ಗಂಡಿನ ಕಡೆಯವರು ಬೇರೆ ಚಪ್ಪರಕ್ಕೆ ನಡೆದ ಹಾಗೆ.

ಕಾರಣ ಒಪ್ಪಂದದ ಒಂದು ಷರತ್ತು. ಸಿ.ಡಿ.ಯಲ್ಲಿ ಬರುವ ಆಟಗಳ ಪರವಾನಗಿ ಹಕ್ಕು ಸೋನಿಗೆ ಸೇರುತ್ತಿತ್ತು. ಮೈದಾನ ನಿಂಟೆಂಡೊದ್ದು, ಚೀಟಿ ಹರಿಯುವವನು ಸೋನಿ! ನಿಂಟೆಂಡೊದ ಅಧ್ಯಕ್ಷ ಹಿರೊಶಿ ಯಮೌಚಿ ಇದನ್ನು ಒಪ್ಪುವ ಆಸಾಮಿಯೇ ಅಲ್ಲ. ಅವಮಾನಿತ ಕುತರಗಿ, ಸೋನಿಯ ಅಧ್ಯಕ್ಷ ನೊರಿಯೊ ಓಗಾ ಅವರ ಬೆಂಬಲದಿಂದ, ಸ್ವಂತ ಯಂತ್ರದ ಕೆಲಸಕ್ಕೆ ಇಳಿದರು. ಜಪಾನಿನಲ್ಲಿ 1994ರ ಡಿಸೆಂಬರ್ 3ರಂದು 39,800 ಯೆನ್ ಬೆಲೆಗೆ ಪ್ಲೇಸ್ಟೇಷನ್ ಹೊರಬಂತು. ಸ್ಯಾಟರ್ನ್ ಅಲ್ಲಿ ಹನ್ನೊಂದು ದಿನ ಮೊದಲೇ 44,800 ಯೆನ್‌ಗೆ ಬಂದಿತ್ತು.

ಇನ್ನು ಮೂರನೆಯವನಾದ ನಿಂಟೆಂಡೊ. ಅದರ ‘ನಿಂಟೆಂಡೊ 64’ ಬಂದದ್ದು 1996ರಲ್ಲಿ, ಅಮೆರಿಕದಲ್ಲಿ 199 ಡಾಲರಿಗೆ. ಗಟ್ಟಿ ಯಂತ್ರ, ಅಗ್ಗದ ಬೆಲೆ, ಜೊತೆಗೆ ಮಾರಿಯೊ. ಗೆಲ್ಲಲು ಇನ್ನೇನು ಬೇಕಿತ್ತು? ಆದರೆ ಅದು ಸಿ.ಡಿ. ಬಿಟ್ಟು ಕಾರ್ಟ್ರಿಜ್ ಹಿಡಿದು ಕೂತಿತು. ಕಾರ್ಟ್ರಿಜ್ ಎಂದರೆ ನಾವು ತೊಂಬತ್ತರ ದಶಕದಲ್ಲಿ ‘ಕ್ಯಾಸೆಟ್’ ಎನ್ನುತ್ತಿದ್ದ ಆ ಪ್ಲಾಸ್ಟಿಕ್ ಬಿಲ್ಲೆ. ಆಟ ಬರದಿದ್ದರೆ ತೆಗೆದು, ಅದರ ಹಲ್ಲುಗಳ ಮೇಲೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದೆವಲ್ಲ, ಅದೇ. (ಊದಿದ್ದರಿಂದ ಏನೂ ಆಗುತ್ತಿರಲಿಲ್ಲವಂತೆ, ತೆಗೆದು ಹಾಕಿದ್ದರಿಂದ ಸರಿಯಾಗುತ್ತಿತ್ತು. ಉಸಿರಿನ ತೇವಕ್ಕೆ ಹಲ್ಲು ತುಕ್ಕು ಹಿಡಿದದ್ದೇ ಲಾಭ.)

ಕಾರ್ಟ್ರಿಜ್‌ಗೂ ಗುಣಗಳಿದ್ದವು. ಆಟ ತೆರೆದುಕೊಳ್ಳಲು ಕಾಯಬೇಕಿಲ್ಲ, ಕದ್ದು ನಕಲು ಮಾಡುವುದು ಕಷ್ಟ, ಮಕ್ಕಳು ಎಸೆದಾಡಿದರೂ ಉಳಿಯುತ್ತದೆ. ಆದರೆ ಗೋಣಿ ಹಾಸುವ ವ್ಯಾಪಾರಿಯ ಕಣ್ಣಿನಿಂದ ನೋಡಿ. ಸಿ.ಡಿ. ಒತ್ತಲು ಒಂದೆರಡು ಡಾಲರ್. ಕಾರ್ಟ್ರಿಜ್ ಮಾಡಿಸಲು ಹತ್ತು ಡಾಲರಿಗೂ ಮೇಲೆ. ಅದನ್ನು ನಿಂಟೆಂಡೊ ಮೂಲಕವೇ ಮಾಡಿಸಬೇಕು, ತಿಂಗಳುಗಟ್ಟಲೆ ಮೊದಲೇ ಹೇಳಬೇಕು, ಹಣವನ್ನೂ ಮುಂಗಡವಾಗಿ ಕಟ್ಟಬೇಕು.

ಮದುವೆಗೆ ಎಲೆ ಲೆಕ್ಕ ಹೇಳುವ ಕಷ್ಟ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಲಕ್ಷ ಪ್ರತಿ ಖರ್ಚಾಗಬಹುದು ಎಂದುಕೊಂಡ ಆಟದ ಕಂಪನಿ, ಪ್ರತಿಗೆ ಹತ್ತು ಡಾಲರ್ ಎಂದು ಹಿಡಿದರೂ, ಒಂದು ಪ್ರತಿ ಮಾರುವ ಮೊದಲೇ ಹತ್ತು ಲಕ್ಷ ಡಾಲರ್ ಎಣಿಸಬೇಕು. ಮೂವತ್ತು ಸಾವಿರ ಮಾತ್ರ ಹೋಯಿತೆನ್ನಿ, ಉಳಿದ ಎಪ್ಪತ್ತು ಸಾವಿರ ಉಗ್ರಾಣದಲ್ಲಿ ಹಳಸುತ್ತದೆ. ಒಂದೇ ವಾರದಲ್ಲಿ ಲಕ್ಷವೂ ಖಾಲಿಯಾಯಿತೆನ್ನಿ, ಅದೂ ಸಂಕಟವೇ: ಮತ್ತೆ ಮಾಡಿಸಿ ತರಿಸುವಷ್ಟರಲ್ಲಿ ಕ್ರಿಸ್‌ಮಸ್ ಕಳೆದು ಜನ ಮರೆತಿರುತ್ತಾರೆ. ಸಿ.ಡಿ.ಯಾದರೆ ಇಪ್ಪತ್ತು ಸಾವಿರ ಒತ್ತಿ ನೋಡಬಹುದು, ಬೇಕೆಂದರೆ ಕೆಲವೇ ದಿನಗಳಲ್ಲಿ ಇನ್ನಷ್ಟು. ಮೊದಲ ಪಂಕ್ತಿ ಏಳುವಷ್ಟರಲ್ಲಿ ಎರಡನೆಯದಕ್ಕೆ ಅನ್ನ ಬೇಯುತ್ತದೆ. ಇದರಿಂದಾಗಿ ವಿಚಿತ್ರವಾದ, ಗಿಟ್ಟುತ್ತದೋ ಇಲ್ಲವೋ ಎಂಬ ಆಟಗಳನ್ನೂ ಪ್ಲೇಸ್ಟೇಷನ್ ಮೇಲೆ ಹೊರತರುವ ಧೈರ್ಯ ಸಣ್ಣ ಕಂಪನಿಗಳಿಗೆ ಬಂತು. ನಿಂಟೆಂಡೊ 64ರಲ್ಲಿ ಅಂಥ ಜೂಜು ಆಡುವವರು ಕಡಿಮೆಯಾದರು.

ದೊಡ್ಡ ಪೆಟ್ಟು ಸ್ಕ್ವೇರ್ ಕಂಪನಿಯಿಂದ ಬಂತು. ‘ಫೈನಲ್ ಫ್ಯಾಂಟಸಿ’ ಸರಣಿಯ ಆರು ಆಟಗಳೂ ಮೊದಲು ಬಂದದ್ದು ನಿಂಟೆಂಡೊ ಯಂತ್ರಗಳಿಗೆ. ಏಳನೆಯದು ಸಿನಿಮಾದಂಥ ದೃಶ್ಯಗಳಿಂದ ಊದಿಕೊಂಡು ಮೂರು ಸಿ.ಡಿ. ಆಯಿತು. ಒಂದು ಸಿ.ಡಿ.ಯಲ್ಲಿ 650 ಮೆಗಾಬೈಟ್ ಹಿಡಿಯುತ್ತದೆ. ನಿಂಟೆಂಡೊ 64ರ ಅತಿ ದೊಡ್ಡ ಕಾರ್ಟ್ರಿಜ್‌ನಲ್ಲಿ 64. ಸೇರಿನೊಳಗೆ ಖಂಡುಗ ತುಂಬುವುದು ಹೇಗೆ? 1997ರ ಜನವರಿ 31ರಂದು ಆ ಆಟ ಜಪಾನಿನಲ್ಲಿ ಪ್ಲೇಸ್ಟೇಷನ್‌ಗೆ ಬಂತು, ಮೂರೇ ದಿನದಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಅದೇ ತಿಂಗಳು, ಜಪಾನಿನ ಇನ್ನೊಂದು ಮನೆಮಾತಾದ ಸರಣಿ ‘ಡ್ರ್ಯಾಗನ್ ಕ್ವೆಸ್ಟ್’ ಕೂಡ ಪ್ಲೇಸ್ಟೇಷನ್ ಕಡೆ ಹೊರಳಿತು. ಆ ಸರಣಿಯ ಹೊಸ ಆಟ ಅಂಗಡಿಗೆ ಬಂದದ್ದು 2000ದ ಆಗಸ್ಟ್‌ನಲ್ಲಿ, ಮೂರೂವರೆ ವರ್ಷದ ನಂತರ. ಆದರೆ ಜನ ಅಷ್ಟು ಕಾಯುವುದಿಲ್ಲ. ಬರಲಿದೆ ಎಂದು ತಿಳಿದ ಕೂಡಲೇ ಯಾವ ಪೆಟ್ಟಿಗೆ ಕೊಳ್ಳಬೇಕೆಂದು ನಿರ್ಧರಿಸಿಬಿಡುತ್ತಾರೆ. ಸಂತೆಗೆ ನಾಳೆ ಬರುವ ವ್ಯಾಪಾರಿಯ ಹೆಸರಿಗೇ ಇವತ್ತು ಜನ ಸೇರುತ್ತಾರೆ.

ಕೊನೆಯ ಲೆಕ್ಕ ಹೀಗಿದೆ: ಪ್ಲೇಸ್ಟೇಷನ್ 10.24 ಕೋಟಿ, ‘ನಿಂಟೆಂಡೊ 64’ 3.29 ಕೋಟಿ, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ.

ಇಂಥ ಸಂಖ್ಯೆಗಳನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಎಲ್ಲಿ ನಿಂತು ಎಣಿಸಿದ್ದು? ಕಾರ್ಖಾನೆಯ ಬಾಗಿಲಲ್ಲೋ, ಅಂಗಡಿಯ ಉಗ್ರಾಣದಲ್ಲೋ, ಗಿರಾಕಿಯ ಮನೆಯಲ್ಲೋ? ಸೋನಿ 2007ರವರೆಗೆ ಹೇಳುತ್ತಿದ್ದದ್ದು ತಯಾರಾಗಿ ಸಾಗಿಸಿದ ಪೆಟ್ಟಿಗೆಗಳ ಲೆಕ್ಕ. ಆಮೇಲೆ ಅಂಗಡಿಗಳಿಗೆ ಮಾರಿದ ಲೆಕ್ಕಕ್ಕೆ ಬದಲಾಯಿತು. ಹತ್ತು ವರ್ಷದ ಒಟ್ಟು ಮೊತ್ತದಲ್ಲಿ ಈ ವ್ಯತ್ಯಾಸ ಕರಗಿಹೋಗುತ್ತದೆ. ಯುದ್ಧದ ನಡುವಿನ ಮೂರು ತಿಂಗಳ ಲೆಕ್ಕದಲ್ಲಿ ಮಾತ್ರ ಅದು ಬೆಟ್ಟದಷ್ಟು.

ಮೈಕ್ರೋಸಾಫ್ಟ್ ಉದಾಹರಣೆ ನೋಡಿ. 2006 ಮುಗಿಯುವುದರೊಳಗೆ ಒಂದು ಕೋಟಿ ‘ಎಕ್ಸ್‌ಬಾಕ್ಸ್ 360’ ಕನ್ಸೋಲ್ ಎಂದು ಅದು ಗುರಿ ಇಟ್ಟುಕೊಂಡಿತ್ತು. ಡಿಸೆಂಬರ್ ಕೊನೆಗೆ 1.04 ಕೋಟಿ ಸಾಗಿಸಿದ್ದೇವೆ ಎಂದಿತು. ಗುರಿ ದಾಟಿತು, ಸುದ್ದಿಯೂ ಆಯಿತು. ಮುಂದಿನ ಆರು ತಿಂಗಳಲ್ಲಿ ಸಾಗಿಸಿದ್ದು? ಸುಮಾರು 12 ಲಕ್ಷ. ಕ್ರಿಸ್‌ಮಸ್‌ಗೆಂದು ಅಂಗಡಿಗಳ ಹೊಟ್ಟೆ ಬಿರಿಯುವಂತೆ ತುಂಬಿಸಿದ್ದನ್ನು ಅರಗಿಸಿಕೊಳ್ಳಲು ಅರ್ಧ ವರ್ಷ ಬೇಕಾಯಿತು. ಇದು ಸುಳ್ಳು ಲೆಕ್ಕವಲ್ಲ. ಸಾಗಿಸಿದ್ದು ನಿಜ, ಹೇಳಿದ್ದು ಸಾಗಿಸಿದ್ದೇವೆ ಎಂದೇ. ಓದುವವರು ‘ಮಾರಾಟವಾಯಿತು’ ಎಂದು ಓದಿಕೊಂಡರೆ ಕಂಪನಿಗೇನೂ ಬೇಸರವಿಲ್ಲ. ಹಾಗೆಯೇ, ನಿಂಟೆಂಡೊ ಮತ್ತು ಸೋನಿಯ ಲೆಕ್ಕದ ವರ್ಷ ನಮ್ಮ ಸರ್ಕಾರದ್ದರಂತೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಒಬ್ಬರ ಡಿಸೆಂಬರ್ ಸಂಖ್ಯೆಯ ಪಕ್ಕ ಇನ್ನೊಬ್ಬರ ಮಾರ್ಚ್ ಸಂಖ್ಯೆ ಇಟ್ಟು ಜಗಳವಾಡುವವರಿಗೆ ಕೊರತೆಯಿಲ್ಲ.

ಎರಡನೆಯ ಪ್ರಶ್ನೆ: ಒಂದು ಪೆಟ್ಟಿಗೆಗೆ ಎಷ್ಟು ಆಟ ಮಾರಾಟವಾಯಿತು? ಪ್ಲೇಸ್ಟೇಷನ್‌ಗೆ ಒಟ್ಟು 96 ಕೋಟಿ ಆಟದ ಪ್ರತಿಗಳು ಹೋದವು. ಪೆಟ್ಟಿಗೆಗೆ ಒಂಬತ್ತಕ್ಕೂ ಮೇಲೆ. ನಿಂಟೆಂಡೊ 64ಕ್ಕೆ 22.5 ಕೋಟಿ, ಪೆಟ್ಟಿಗೆಗೆ ಏಳಕ್ಕೆ ಸ್ವಲ್ಪ ಕಡಿಮೆ. ಸುಂಕ ಹುಟ್ಟುವುದು ಇಲ್ಲಿ. ಆದರೆ ಇದಕ್ಕೂ ಒಂದು ಅಡಿಟಿಪ್ಪಣಿ ಬೇಕು. ನಿಂಟೆಂಡೊ ಯಂತ್ರದಲ್ಲಿ ಹೆಚ್ಚು ಓಡುತ್ತಿದ್ದದ್ದು ನಿಂಟೆಂಡೊದ್ದೇ ಆಟಗಳು, ಅಂದರೆ ಸುಂಕವಷ್ಟೇ ಅಲ್ಲ, ಬೆಳೆಯೂ ಅದರದೇ. ಜೊತೆಗೆ ಜೇಬಿನಲ್ಲಿಡುವ ಗೇಮ್ ಬಾಯ್ ಮತ್ತು ಅದರ ಪೋಕೆಮಾನ್ ಇದ್ದವು. ಸೋನಿಯ ಮುಂದೆ ಮೂರರಲ್ಲಿ ಒಂದು ಪಾಲಷ್ಟೇ ಪೆಟ್ಟಿಗೆ ಮಾರಿದ ಆ ವರ್ಷಗಳಲ್ಲೂ ನಿಂಟೆಂಡೊ ಲಾಭದಲ್ಲಿಯೇ ಇತ್ತು. ‘ಸೋತ’ ಕಂಪನಿ ಗಲ್ಲಾಪೆಟ್ಟಿಗೆ ತುಂಬಿಸಿಕೊಂಡು ಮನೆಗೆ ಹೋದದ್ದು ಅಭಿಮಾನಿಗಳ ವಾದದಲ್ಲಿ ಎಂದೂ ಬರುವುದಿಲ್ಲ.

ನಮ್ಮ ಕಡೆಯ ಅನುಭವದಿಂದ ಇದೇ ಲೆಕ್ಕದ ಇನ್ನೊಂದು ಮುಖ ಹೇಳಬಹುದು. ಬೆಂಗಳೂರಿನಲ್ಲಿ ನನ್ನ ಗೆಳೆಯನೊಬ್ಬನ ಮನೆಗೆ ದುಬೈನಲ್ಲಿದ್ದ ಅವನ ಚಿಕ್ಕಪ್ಪ ಪ್ಲೇಸ್ಟೇಷನ್ ತಂದುಕೊಟ್ಟಿದ್ದರು. ಮೊದಲು ಅದು ಹೋದದ್ದು ಟಿ.ವಿ. ಮುಂದಕ್ಕಲ್ಲ, ರಿಪೇರಿ ಅಂಗಡಿಗೆ. ಒಳಗೆ ಉಗುರಿನಷ್ಟು ಚಿಪ್ಪೊಂದನ್ನು ನಾಲ್ಕಾರು ತಂತಿಗಳಿಂದ ಬೆಸುಗೆ ಹಾಕಿ ಕೊಟ್ಟರು. ಆಮೇಲೆ ನಕಲಿ ಸಿ.ಡಿ.ಗಳೆಲ್ಲ ಓಡಿದವು. ಕೆಲವು ವರ್ಷ ಅವನ ಬಳಿ ಚೀಲದ ತುಂಬ ಆಟಗಳಿದ್ದವು, ಅಸಲಿಯದು ಒಂದೂ ಇರಲಿಲ್ಲ. ಸೋನಿಯ ಲೆಕ್ಕದಲ್ಲಿ ಆ ಪೆಟ್ಟಿಗೆ 10.24 ಕೋಟಿಯಲ್ಲಿ ಒಂದು. ಸುಂಕದ ಲೆಕ್ಕದಲ್ಲಿ ಸೊನ್ನೆ. ಇಂಥ ಸೊನ್ನೆಗಳು ಜಗತ್ತಿನಲ್ಲಿ ಇನ್ನೆಷ್ಟಿದ್ದವೋ.

ಸಂತೆಯ ಈ ನಿಯಮವನ್ನು ಮುರಿದು ಗೆದ್ದದ್ದೂ ಉಂಟು. 2006ರ ನಿಂಟೆಂಡೊ ‘ವೀ’ ಬೆಲೆ 249 ಡಾಲರ್. ಹಳೆಯ ತಂತ್ರಜ್ಞಾನದಿಂದಲೇ ಕಟ್ಟಿದ್ದರಿಂದ ಮೊದಲ ದಿನದಿಂದ ಪೆಟ್ಟಿಗೆಯ ಮೇಲೂ ಲಾಭ. ಕೈಯಲ್ಲಿ ಹಿಡಿದು ಬೀಸುವ ಅದರ ರಿಮೋಟ್ ಅಜ್ಜಿಯರನ್ನೂ ಟೆನಿಸ್ ಆಡಿಸಿತು, 10.16 ಕೋಟಿ ಮಾರಾಟವಾಯಿತು. ಆದರೆ ಆರು ವರ್ಷದ ನಂತರ ಬಂದ ‘ವೀ ಯು’ ಮಾರಾಟವಾದದ್ದು 1.35 ಕೋಟಿ ಮಾತ್ರ. ಸೇರಿದ ಜನ ಮುಂದಿನ ವಾರವೂ ಅದೇ ಮೈದಾನಕ್ಕೆ ಬರುತ್ತಾರೆಂಬ ಖಾತರಿ ಇಲ್ಲ. ಪ್ರತಿ ಪೀಳಿಗೆಯ ಯಂತ್ರಕ್ಕೂ ಹರಾಜು ಹೊಸದಾಗಿಯೇ ಕೂಗಬೇಕು. ಹಿಂದಿನ ಗೆಲುವಿನ ಅಮಲಿನಲ್ಲಿ 599 ಡಾಲರ್ ಬೆಲೆ ಇಟ್ಟ ಸೋನಿಯೂ ಆ ಸುತ್ತಿನಲ್ಲಿ ವರ್ಷಗಳ ಕಾಲ ಏದುಸಿರು ಬಿಟ್ಟಿತು.

ಆಯುಧ ಮೊಂಡಾದಾಗ ಏನು ಮಾಡಬೇಕೆಂಬುದನ್ನು ಮೈಕ್ರೋಸಾಫ್ಟ್ ತೋರಿಸಿತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ 499 ಡಾಲರಿಗೆ, ‘ಪ್ಲೇಸ್ಟೇಷನ್ 4’ 399ಕ್ಕೆ ಬಂದವು. ಹದಿನೆಂಟು ವರ್ಷದ ಹಿಂದಿನ ಅದೇ ನೂರು ಡಾಲರ್! ಎರಡು ವರ್ಷದಲ್ಲಿ ಅಂತರ ಕಣ್ಣಿಗೆ ರಾಚುವಷ್ಟಾಯಿತು. 2015ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್, ಇನ್ನು ಮುಂದೆ ಮಾರಾಟವಾದ ಪೆಟ್ಟಿಗೆಗಳ ಲೆಕ್ಕ ಕೊಡುವುದಿಲ್ಲ, ತಿಂಗಳಿಗೆ ಎಷ್ಟು ಜನ ತನ್ನ ಜಾಲದಲ್ಲಿ ಆಡುತ್ತಾರೆ ಎಂದು ಮಾತ್ರ ಹೇಳುತ್ತೇನೆ ಎಂದಿತು. ಡಂಗುರ ಹೊಡೆಯುವುದನ್ನು ನಿಲ್ಲಿಸಿದ್ದೂ ಒಂದು ಸುದ್ದಿಯೇ.

ಸೆಗಾ ಮಾತ್ರ ಮೈದಾನವನ್ನೇ ಬಿಟ್ಟುಕೊಟ್ಟಿತು. ಸ್ಯಾಟರ್ನ್ ನಂತರ ತಂದ ‘ಡ್ರೀಮ್‌ಕಾಸ್ಟ್’ ಒಳ್ಳೆಯ ಯಂತ್ರ. ಬಳಸಿದವರು ಇಂದಿಗೂ ಅದರ ಗುಣಗಾನ ಮಾಡುತ್ತಾರೆ. ಹಿಂದಿನ ಮುನಿಸಿನಿಂದ ಕೆಲವು ಅಂಗಡಿಗಳವರೂ ಆಟದ ಕಂಪನಿಗಳೂ ದೂರವೇ ಉಳಿದವು. ಮುಂದೆ ಪ್ಲೇಸ್ಟೇಷನ್ 2 ಬರುತ್ತಿದೆ ಎಂಬ ಸುದ್ದಿಗೆ ಗಿರಾಕಿಗಳು ಕೈ ಹಿಂದೆ ಕಟ್ಟಿ ನಿಂತರು. 2001ರ ಜನವರಿಯಲ್ಲಿ ಸೆಗಾ ಕನ್ಸೋಲ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಅದರ ಅಧ್ಯಕ್ಷ ಇಸಾವೊ ಓಕಾವಾ ಕಂಪನಿಗೆ ತಾವು ಕೊಟ್ಟಿದ್ದ ಸಾಲ ಮನ್ನಾ ಮಾಡಿ, ಸುಮಾರು 69 ಕೋಟಿ ಡಾಲರ್ ಬೆಲೆಯ ತಮ್ಮ ಸ್ವಂತ ಷೇರುಗಳನ್ನೂ ಅದಕ್ಕೆ ಬಿಟ್ಟುಕೊಟ್ಟು, ಮಾರ್ಚ್‌ನಲ್ಲಿ ತೀರಿಕೊಂಡರು.

ಆ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ಅಂಗಡಿಗಳಿಗೆ ‘ಸೋನಿಕ್ ಅಡ್ವೆಂಚರ್ 2 ಬ್ಯಾಟಲ್’ ಬಂತು. ಸೋನಿಕ್ ಎಂಬ ನೀಲಿ ಮುಳ್ಳುಹಂದಿಯನ್ನು ಸೆಗಾ ಹತ್ತು ವರ್ಷದ ಹಿಂದೆ ಸೃಷ್ಟಿಸಿದ್ದೇ ಮಾರಿಯೊನನ್ನು ಕೆಣಕಲೆಂದು. ಈಗ ಆ ಆಟ ಓಡುತ್ತಿದ್ದದ್ದು ನಿಂಟೆಂಡೊದ ಗೇಮ್‌ಕ್ಯೂಬ್ ಮೇಲೆ. ಸೆಗಾ ಈಗ ಗೋಣಿ ಹಾಸಿ ಕೂತ ವ್ಯಾಪಾರಿ. ಮಾರಾಟವಾದ ಒಂದೊಂದು ಡಿಸ್ಕಿಗೂ ಹಳೆಯ ವೈರಿಯ ಕಿಟಕಿಯಲ್ಲಿ ಸುಂಕ ಕಟ್ಟಿ ಚೀಟಿ ಹರಿಸಿಕೊಳ್ಳುತ್ತಿತ್ತು.